ಚೀನಿಕಾಯಿ, ಚೀಸು, ಮುಚ್ಚಳದ ಮೇಲೊಂದಿಷ್ಟು ಕೆಂಡ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ನೀವೀಗ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯ್ತಾ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ರೆ, ನಿಮಗೆ ನನ್ನ ಪೂರ್ತಿ ಸಹಾನುಭೂತಿ ಉಂಟು. ಹತ್ತು ವರ್ಷ ಟ್ರೋಲ್ ಆಗಿ ಆಗಿ, ಕೊನೆಗೆ 2020ರ ಜನವರಿ 31ಕ್ಕೆ ಉದ್ಘಾಟನೆ ಆದ ಫ್ಲೈಓವರ್ ನಿಮ್ಮ ತಲೆ ಮೇಲಿದೆ. ಕೆಳಗೆ, ಮಳೆಗಾಲ ಆದ್ರೆ, ಮೊಣಕಾಲವರೆಗೆ ನೀರೂ ಇರಬಹುದು. ಹೆಸರಲ್ಲೇ ಪಂಪೂ ಇದೆ, ವೆಲ್ಲೂ ಇದೆ. ಜೋರು ಮಳೆ ಬಂದ ದಿನ ವೆಲ್ ಮಾತ್ರ ಕಾಣ್ತದೆ, ಪಂಪ್ ಕಾಣುದಿಲ್ಲ ಮಾರಾಯ್ರೆ.

ಇವತ್ತಿನ ಕತೆಯೂ ನೀರಿನಿಂದಲೇ ಶುರು.

ಕಳೆದ ಏಪ್ರಿಲ್‌ನಲ್ಲಿ ನಾನು ಪಂಪ್‌ವೆಲ್ ಹತ್ತಿರದ ಒಂದು ಸೂಪರ್‌ಮಾರ್ಕೆಟಿನಿಂದ ಎರಡು ಝುಕಿನಿ ತಂದೆ. ರೀಲ್ಸ್‌ನಲ್ಲಿ ನೋಡಿದ ಅಡುಗೆ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವುದು, ಉಪ್ಪು, ಕಾಳುಮೆಣಸು, ಮೇಲೆ ತುರಿದ ಚೀಸು, ಓವನ್‌ನಲ್ಲಿ ಇಟ್ಟು ಕೆಂಪಗಾದ ಮೇಲೆ ತೆಗೆಯುವುದು. ಮೂವತ್ತು ಸೆಕೆಂಡಿನ ವಿಡಿಯೋ. ಅಮ್ಮ ಝುಕಿನಿಯನ್ನ ಕೈಗೆತ್ತಿಕೊಂಡು, ಹೆಬ್ಬೆರಳ ಉಗುರು ಒತ್ತಿ ನೋಡಿದರು. ಉಗುರು ಸಲೀಸಾಗಿ ಇಳಿಯಿತು. "ಇದು ಇಟ್ರೆ ಉಳಿಯುದಿಲ್ಲ. ಇವತ್ತೇ ಮಾಡು" ಅಂದರು. ಆಮೇಲೆ, "ಸೌತೆಗೆ ಯಾರಾದ್ರೂ ಚೀಸ್ ಹಾಕ್ತಾರಾ?"

ಮಾಡಿದೆ. ಓವನ್ ಬಾಗಿಲು ತೆಗೆದರೆ ತಟ್ಟೆಯಲ್ಲಿ ಕೆರೆ! ಹಳದಿ ಚೀಸು ತೆಪ್ಪದ ಹಾಗೆ ತೇಲ್ತಾ ಇತ್ತು. ಅಮ್ಮ ಏನೂ ಹೇಳಲಿಲ್ಲ, ನನ್ನ ತಟ್ಟೆಗೆ ಒಂದು ಸೌಟು ಸಾರು ಹಾಕಿದರು, ಅಷ್ಟೇ.

ಆದರೆ ಆ ಉಗುರಿನ ಪರೀಕ್ಷೆ ನನ್ನ ತಲೆಯಲ್ಲಿ ಉಳಿಯಿತು. ಯಾಕಂದ್ರೆ, ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು: ಇಂಗ್ಲಿಷಿನವರು 'ಸಮ್ಮರ್ ಸ್ಕ್ವಾಶ್', 'ವಿಂಟರ್ ಸ್ಕ್ವಾಶ್' ಅಂತ ಎರಡು ಗುಂಪು ಮಾಡಿದ್ದು ಇದೇ ಪರೀಕ್ಷೆಯ ಮೇಲೆ. ಬೆಳೆಯುವ ಕಾಲಕ್ಕೂ ಈ ಹೆಸರಿಗೂ ಹೆಚ್ಚು ಸಂಬಂಧ ಇಲ್ಲ, ಎರಡೂ ಬೇಸಿಗೆಯಲ್ಲೇ ಬೆಳೆಯುವಂಥವು. ಎಳೆಯದಾಗಿ ಕೊಯ್ದು, ಸಿಪ್ಪೆ ಸಮೇತ, ಆವಾಗಲೇ ತಿನ್ನುವಂಥದ್ದು ಸಮ್ಮರ್. ಬಲಿತು ಸಿಪ್ಪೆ ಗಟ್ಟಿಯಾಗಿ ಚಳಿಗಾಲದವರೆಗೂ ಇಟ್ಟು ತಿನ್ನುವಂಥದ್ದು ವಿಂಟರ್. ಹಿಮ ಬೀಳುವ ಊರಲ್ಲಿ ಹಸಿ ತರಕಾರಿ ಸಿಗದ ನಾಲ್ಕೈದು ತಿಂಗಳು ಹೊಟ್ಟೆಗೆ ಏನು ಅನ್ನುವ ಪ್ರಶ್ನೆ ಅದು.

ನಮ್ಮ ಊರಲ್ಲಿ ಹಿಮ ಇಲ್ಲ. ನಮಗೆ ಆಟಿ ಉಂಟು.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೊಡೆಯುವಾಗ ತರಕಾರಿ ಗಿಡ ಕೊಳೆಯುತ್ತದೆ, ಹೂವು ಉದುರುತ್ತದೆ. ಹಳೆಯ ಕಾಲದಲ್ಲಿ ಪೇಟೆಗೆ ಹೋಗುವ ದಾರಿಯೂ ಇರುತ್ತಿರಲಿಲ್ಲ. ಹಾಗಾಗಿ ಕರಾವಳಿಯವರು ಮಾಡಿದ ಉಪಾಯ ಮಂಗಳೂರು ಸೌತೆ. ತುಳುವಿನಲ್ಲಿ ತೌತೆ. ಇಲ್ಲಿ ಗದ್ದೆಗೆ ಬೈಲು, ಮಜಲು, ಬೆಟ್ಟು ಅಂತ ಮೂರು ಜಾತಿ. ನೀರು ಯಾವಾಗಲೂ ನಿಲ್ಲುವ ತಗ್ಗಿನದ್ದು ಬೈಲು, ನಡುವಿನದ್ದು ಮಜಲು, ಮಳೆ ನೀರನ್ನೇ ನಂಬಿದ ಎತ್ತರದ್ದು ಬೆಟ್ಟು. 1801ರಲ್ಲಿ ಈ ಜಿಲ್ಲೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಹೆಸರುಗಳನ್ನ ಬರೆದಿಟ್ಟಿದ್ದಾನೆ. ಸುಗ್ಗಿ ಬೆಳೆ ಕೊಯ್ದ ಮೇಲೆ, ಗದ್ದೆಯಲ್ಲಿ ಇನ್ನೂ ಸ್ವಲ್ಪ ತಂಪು ಇರುವಾಗ, ಸೌತೆ, ಚೀನಿಕಾಯಿ, ಕುಂಬಳ, ಅಲಸಂಡೆ ಹಾಕುವುದು. ಸಂಜೆ ಹೊತ್ತು ಕೊಡಪಾನದಲ್ಲಿ ನೀರು ಹೊತ್ತು ಹಾಕುವುದು ಮನೆಯ ಹೆಂಗಸರ, ಮಕ್ಕಳ ಕೆಲಸ. ಬಲಿತ ಸೌತೆಯನ್ನ ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಮಾಡಿನ ಪಕ್ಕಾಸಿಗೆ ಸಾಲಾಗಿ ನೇತುಹಾಕುತ್ತಿದ್ದರು. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹಂಚಿನ ಬಿಸಿ, ಸುತ್ತ ಗಾಳಿ. ನೆಲಕ್ಕೆ ತಾಗುವುದಿಲ್ಲ, ಒಂದಕ್ಕೊಂದು ಒತ್ತುವುದಿಲ್ಲ, ಹಾಗಾಗಿ ಕೊಳೆಯುವುದಿಲ್ಲ. ಮಳೆ ಮುಗಿಯುವವರೆಗೂ ದಿನಕ್ಕೊಂದು ಇಳಿಸಿ ಸಾಂಬಾರು, ಹುಳಿ, ಮಜ್ಜಿಗೆಹುಳಿ.

ಅಂದ್ರೆ, ನಮ್ಮ ಸೌತೆ ಲೆಕ್ಕಕ್ಕೆ 'ವಿಂಟರ್ ಸ್ಕ್ವಾಶ್'ನ ಕೆಲಸ ಮಾಡ್ತಾ ಇತ್ತು. ನಮ್ಮ ವಿಂಟರ್ ಮಳೆಗಾಲ, ಅಷ್ಟೇ ವ್ಯತ್ಯಾಸ.

ಈ ಮಾಡು, ಹಂಚು ಕೂಡ ಅನಾದಿಕಾಲದ್ದೇನೂ ಅಲ್ಲ. ಪಂಪ್‌ವೆಲ್‌ನಿಂದ ಸ್ವಲ್ಪ ದೂರದಲ್ಲೇ, ಜೆಪ್ಪುವಿನಲ್ಲಿ, ನೇತ್ರಾವತಿ ದಡದ ಜೇಡಿಮಣ್ಣು ನೋಡಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅದಕ್ಕೆ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಗರಿಯ ಮಾಡು. ನಾವು 'ಅಜ್ಜಿ ಮನೆ' ಅಂತ ಕಣ್ಣುಮುಚ್ಚಿದರೆ ಕಾಣುವ ಕೆಂಪು ಹಂಚಿನ ಮಾಡು, ಅದರಡಿ ತೂಗುವ ಸೌತೆ, ಆ ಚಿತ್ರಕ್ಕೆ ಸುಮಾರು ನೂರೈವತ್ತು ವರ್ಷ ವಯಸ್ಸು. ಅದರ ನಂತರ ಬಂತು ಕಾಂಕ್ರೀಟು. ಟೆರೇಸ್ ಮನೆಯಲ್ಲಿ ಸೌತೆ ಎಲ್ಲಿ ಕಟ್ಟುವುದು? ಫ್ಯಾನಿಗೆ ಕಟ್ಟುವುದಾ? ನಮ್ಮ ಅಜ್ಜಿ ಮನೆ ಕೆಡವಿ ತಾರಸಿ ಹಾಕಿದ ವರ್ಷ ಅಜ್ಜಿ ಸೌತೆಯನ್ನ ಮಂಚದಡಿ ಮರಳು ಹರಡಿ ಇಟ್ಟಿದ್ದರಂತೆ. ಅರ್ಧ ಕೊಳೆಯಿತು. ಮರುವರ್ಷ ಸೌತೆ ಹಾಕಲೇ ಇಲ್ಲ. ಗದ್ದೆ ಇತ್ತು, ಬೀಜ ಇತ್ತು, ನೇತುಹಾಕಲು ಮಾಡು ಇರಲಿಲ್ಲ. ಬೆಳೆ ನಿಲ್ಲಲು ಎಂತೆಂತ ಕಾರಣ ಇರ್ತದೆ ನೋಡಿ.

ಸರಿ, ಝುಕಿನಿಗೆ ಬರುವ. ಇದರ ತವರು ಎಲ್ಲಿ?

ಮೆಕ್ಸಿಕೋದ ಒವಾಹಾಕಾ ಪ್ರಾಂತ್ಯದಲ್ಲಿ ಗಿಲಾ ನಕಿಟ್ಸ್ ಅನ್ನುವ ಒಂದು ಗುಹೆ ಉಂಟು. 1960ರ ದಶಕದಲ್ಲಿ ಅದನ್ನ ಅಗೆದಾಗ ಸಿಕ್ಕಿದ ಕುಂಬಳ ಜಾತಿಯ ಬೀಜಗಳನ್ನ ಬ್ರೂಸ್ ಸ್ಮಿತ್ ಅನ್ನುವ ವಿಜ್ಞಾನಿ ಮತ್ತೆ ಪರೀಕ್ಷೆ ಮಾಡಿ 1997ರಲ್ಲಿ ವರದಿ ಕೊಟ್ಟರು: ಸುಮಾರು 10,000 ವರ್ಷ ಹಿಂದೆಯೇ ಅಲ್ಲಿ ಮನುಷ್ಯರು ಇದನ್ನ ಬೆಳೆಸ್ತಾ ಇದ್ದರು. ಝುಕಿನಿ ಸೇರುವ ಜಾತಿಯದ್ದೇ ಬೀಜ. ಅಮೆರಿಕದಲ್ಲಿ ಮೆಕ್ಕೆಜೋಳಕ್ಕಿಂತ ಹಳೆಯ ಬೆಳೆ ಇದು.

ಆದರೆ ಆಗಿನ ಕಾಯಿ ವಿಪರೀತ ಕಹಿ. ಕುಕುರ್ಬಿಟಾಸಿನ್ ಅನ್ನುವ ವಿಷ ಅದರಲ್ಲಿ ತುಂಬಿತ್ತು. ಆನೆಯ ದೂರದ ನೆಂಟ ಮ್ಯಾಸ್ಟೊಡಾನ್ ಅನ್ನುವ ದೊಡ್ಡ ಪ್ರಾಣಿ ಅದನ್ನ ತಿನ್ನುತ್ತಿತ್ತು. ಅದರ ಹಳೆಯ ಲದ್ದಿಯಲ್ಲಿ ಬೀಜ ಸಿಕ್ಕಿದೆ. ಮನುಷ್ಯರು ಮೊದಲು ತಿಂದದ್ದು ತಿರುಳನ್ನಲ್ಲ, ಬೀಜವನ್ನ. ಕಹಿ ಕಮ್ಮಿ ಇರುವ ಬಳ್ಳಿಯನ್ನೇ ಆರಿಸಿ ಆರಿಸಿ ಬಿತ್ತಿ, ಎಷ್ಟೋ ತಲೆಮಾರು ಕಳೆದ ಮೇಲೆ ತಿರುಳು ತಿನ್ನುವ ಹಾಗಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ಕಹಿ ಪೂರ್ತಿ ಹೋಗಿಲ್ಲ. 2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ 79 ವರ್ಷದ ಒಬ್ಬರು ತೋಟದಲ್ಲಿ ಬೆಳೆದ ಕಹಿ ಝುಕಿನಿ ತಿಂದು ತೀರಿಹೋದರು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಅಮ್ಮ ಸೌತೆ ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡ್ತಾರಲ್ಲ, ಅದು ಅಭ್ಯಾಸಬಲ ಅಂತ ನಾನು ತಿಳಿದುಕೊಂಡಿದ್ದೆ. ಝುಕಿನಿಗೂ ಹಾಗೇ ಮಾಡಿ. ಕಹಿ ಇದ್ರೆ ಉಗಿದು, ಇಡೀ ಕಾಯಿ ಬಿಸಾಡಿ. ದುಡ್ಡು ಕೊಟ್ಟದ್ದು ಅಂತ ಲೆಕ್ಕ ಹಾಕಬೇಡಿ.

1492ರ ಕೊಲಂಬಸ್ ಪ್ರಯಾಣದ ನಂತರ ಈ ಕಾಯಿಗಳು ಹಡಗು ಹತ್ತಿದವು. ಎಷ್ಟು ಬೇಗ ಅಂದ್ರೆ, ಫ್ರಾನ್ಸಿನ ರಾಣಿ ಆ್ಯನ್‌ಗೋಸ್ಕರ 1503ರಿಂದ 1508ರ ನಡುವೆ ತಯಾರಾದ ಚಿತ್ರಗಳ ಪ್ರಾರ್ಥನಾ ಪುಸ್ತಕದಲ್ಲಿ ಬಳ್ಳಿ ಸಮೇತ ಅದರ ಚಿತ್ರ ಉಂಟು. ಪಕ್ಕದಲ್ಲಿ ಬರೆದ ಹೆಸರು ನೋಡಿದರೆ ನಗು ಬರ್ತದೆ: ತುರ್ಕಿಯ ಸೋರೆ! ಬಂದದ್ದು ಅಮೆರಿಕದಿಂದ, ಹೆಸರು ತುರ್ಕಿಯದ್ದು. ನಗುವುದು ಬೇಡ, ನಾವೂ ಅದನ್ನೇ ಮಾಡಿದ್ದೇವೆ. ಬೆಂಗಳೂರಿನವರು ಸಿಹಿಗುಂಬಳ ಅನ್ನುವುದನ್ನ ಮಂಗಳೂರಿನವರು ಏನಂತಾರೆ? ಚೀನಿಕಾಯಿ. ಅದರ ತವರೂ ಅಮೆರಿಕವೇ, ಚೀನಾ ಅಲ್ಲ. ದೂರದಿಂದ ಬಂದದ್ದಕ್ಕೆ ನಮಗೆ ಗೊತ್ತಿರುವ ಯಾವುದೋ ದೂರದ ಊರಿನ ಹೆಸರಿಡುವುದು ಎಲ್ಲ ಕಡೆ ಇದ್ದದ್ದೇ. ಕನ್ನಡದಲ್ಲಿ ಇನ್ನೂ ಸುಲಭ, 'ಸೀಮೆ' ಅಂತ ಸೇರಿಸಿದರೆ ಮುಗಿಯಿತು: ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ತುಳುವಿನವರು ಮಾತ್ರ ಚೀನಿಕಾಯಿಯನ್ನ ಕೆಂಬುಡೆ ಅಂತ ಕರೆದು ಮನೆಯವರಾಗಿ ಮಾಡಿಕೊಂಡಿದ್ದಾರೆ. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಅವರ ಹಡಗಿನ ಕಾಲದಲ್ಲಿ ಈ ತೀರಕ್ಕೆ ಬಂದ ಅಮೆರಿಕದ ಸಾಮಾನುಗಳ ಪಟ್ಟಿಯಲ್ಲಿ ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಎಲ್ಲ ಇವೆ. ಮಂಗಳೂರಿನ ಮೀನುಸಾರಿನಿಂದ ಮೆಣಸು ತೆಗೆದರೆ ಏನು ಉಳಿಯಿತು, ಯೋಚನೆ ಮಾಡಿ.

'ಸ್ಕ್ವಾಶ್' ಅನ್ನುವ ಶಬ್ದ ಅಮೆರಿಕದ ಮೂಲನಿವಾಸಿ ನರಗಾನ್ಸೆಟ್ ಜನರದ್ದು. ಅರ್ಥ ಹೆಚ್ಚುಕಮ್ಮಿ 'ಹಸಿಯಾಗಿ ತಿನ್ನುವಂಥದ್ದು'. ಅವರ ಭಾಷೆಯ ಬಗ್ಗೆ ರೋಜರ್ ವಿಲಿಯಮ್ಸ್ 1643ರಲ್ಲಿ ಪುಸ್ತಕ ಮಾಡುವಾಗ ಈ ಶಬ್ದವನ್ನ ಬರೆದಿಟ್ಟ. ನಮ್ಮ ಮದುವೆಮನೆಯ ಬಾಟ್ಲಿ ಸ್ಕ್ವಾಶ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಹಿಂಡಿದ್ದು ಅನ್ನುವ ಅರ್ಥದ ಬೇರೆ ಶಬ್ದ.

ಅಮೆರಿಕದ ಕಾಯಿ ಝುಕಿನಿ ಆದದ್ದು ಮಾತ್ರ ಇಟಲಿಯಲ್ಲಿ. ಝುಕ್ಕಾ ಅಂದ್ರೆ ಇಟಾಲಿಯನ್‌ನಲ್ಲಿ ಕುಂಬಳ, ಝುಕಿನಿ ಅಂದ್ರೆ ಪುಟ್ಟ ಕುಂಬಳಗಳು. ಉದ್ದಕ್ಕೆ, ಸಪೂರಕ್ಕೆ, ಎಳೆಯದಾಗಿ ಕೊಯ್ಯಲೆಂದೇ ತಯಾರಾದ ಈ ತಳಿಯ ವಿವರ ಮೊದಲು ಅಚ್ಚಾದದ್ದು 1901ರಲ್ಲಿ, ಮಿಲಾನ್‌ನಲ್ಲಿ. ಹೆಚ್ಚು ಹಳೆಯದೇನಲ್ಲ, ನಮ್ಮ ಜೆಪ್ಪುವಿನ ಹಂಚಿಗಿಂತಲೂ ಕಿರಿಯ.

ಈಗ ಪಂಪ್‌ವೆಲ್‌ಗೆ ವಾಪಸ್ ಬನ್ನಿ. ಇಲ್ಲಿ ಕಪಿತಾನಿಯೋ ಶಾಲೆ ಉಂಟಲ್ಲ, ದಿನಾ ಬೋರ್ಡು ನೋಡ್ತೀರಿ, ಕಂಡಕ್ಟರ್ ಕೂಗ್ತಾನೆ. ಆ ಹೆಸರು ಬಾರ್ತೊಲೊಮಿಯಾ ಕಪಿತಾನಿಯೋ ಅನ್ನುವ ಹೆಣ್ಣುಮಗಳದ್ದು. ಊರು ಲೊವೆರೆ, ಮಿಲಾನ್ ಇರುವ ಲೊಂಬಾರ್ಡಿ ಪ್ರಾಂತ್ಯದ್ದೇ, ಬೆರ್ಗಾಮೋ ಸೀಮೆ. 1832ರಲ್ಲಿ ಅವರು ಶುರು ಮಾಡಿದ ಸಿಸ್ಟರ್‌ಗಳ ಸಂಸ್ಥೆ ಇಲ್ಲಿವರೆಗೆ ಬಂತು. ಹಂಪನಕಟ್ಟೆ ಹತ್ತಿರದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಗೋಡೆತುಂಬ ಚಿತ್ರ ಬರೆದ ಅಂತೋನಿಯೋ ಮೊಸ್ಕೇನಿ ಕೂಡ ಬೆರ್ಗಾಮೋ ಕಡೆಯವರೇ. ಅವರು ಇಲ್ಲಿ ಅಟ್ಟಣಿಗೆ ಹತ್ತಿ ಕುಂಚ ಹಿಡಿದಿದ್ದ ಹೊತ್ತಿಗೇ ಅವರ ಊರ ಕಡೆ ಝುಕಿನಿಗೆ ಹೆಸರು ಬೀಳ್ತಾ ಇತ್ತು. ಅವರಲ್ಲಿ ಯಾರೋ ಬೀಜ ತಂದರು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ವಾಟ್ಸಾಪ್‌ನಲ್ಲಿ ಹಾಗೆ ಫಾರ್ವರ್ಡ್ ಮಾಡಬೇಡಿ. ಝುಕಿನಿ ಬಂದದ್ದು ನೂರು ವರ್ಷ ತಡವಾಗಿ, ಸೂಪರ್‌ಮಾರ್ಕೆಟಿನ ಟ್ರೇಯಲ್ಲಿ.

ಇನ್ನು ಓವನ್. 'ಬೇಕಿಂಗ್ ನಮ್ಮದಲ್ಲ' ಅಂತ ಸುಲಭವಾಗಿ ಹೇಳಿಬಿಡ್ತೇವೆ. ಗೂಡು ಕಟ್ಟಿ ಬೇಯಿಸುವುದು ಇಲ್ಲಿ ಬೇಕರಿಯವರ ಕೆಲಸವೇ ಆಗಿತ್ತು, ಅದು ನಿಜ. ಆದರೆ ಓವನ್ ಅಂದ್ರೆ ಎಂತ? ಕೆಳಗೂ ಬಿಸಿ, ಮೇಲೂ ಬಿಸಿ. ಗೋವಾದಿಂದ ಉತ್ತರ ಕನ್ನಡದವರೆಗೆ ಕೊಂಕಣಿ ಮನೆಗಳಲ್ಲಿ ತವಸಳಿ ಮಾಡ್ತಾರೆ. ತುರಿದ ಸೌತೆ, ಅಕ್ಕಿ ತರಿ, ಬೆಲ್ಲ, ತೆಂಗಿನಕಾಯಿ ಕಲಸಿ ದಪ್ಪ ಪಾತ್ರೆಗೆ ಹಾಕಿ, ಒಲೆಯಲ್ಲಿ ಕೆಂಡ, ಮುಚ್ಚಳದ ಮೇಲೂ ಕೆಂಡ. ಸೌತೆಯ ಕೇಕು! 1508ರ ಸುಮಾರಿಗೆ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಮುಚ್ಚಳ ರೊಟ್ಟಿ ಅನ್ನುವ ಒಂದು ಹೆಸರು ಬರ್ತದೆ. ಮುಚ್ಚಳಕ್ಕೆ ಹೆಸರಲ್ಲೇ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ.

ಮತ್ತೆ ಚೀಸು. ಹಾಲು ಒಡೆಸುವುದು ಅಪಶಕುನ, ಅದು ಪೋರ್ಚುಗೀಸರಿಂದ ಬಂತು ಅನ್ನುವ ಮಾತು ಕೇಳಿರ್ತೀರಿ. ಆದರೆ ಕಲ್ಯಾಣದಲ್ಲಿ, ಅಂದ್ರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲೇ ಹಾಲು ಕಾಸಿ, ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಸೇರಿಸಿ ಕರಿದು ಸಕ್ಕರೆಗೆ ಹಾಕುವ ತಿಂಡಿ ಉಂಟು. ಒಡೆಸಿದ ಹಾಲು ಗೊತ್ತಿತ್ತು. ಅದನ್ನ ತಿಂಗಳುಗಟ್ಟಲೆ ಇಟ್ಟು ಹಣ್ಣು ಮಾಡುವ ವಿದ್ಯೆ ನಮ್ಮ ಸೆಖೆಗೆ ಒಗ್ಗಲಿಲ್ಲ, ಇಷ್ಟೇ.

ಸೆಖೆಗೆ ಒಗ್ಗಿದ ಚೀಸು ಹುಟ್ಟಿದ್ದು ಚಳಿಯ ಸ್ವಿಟ್ಜರ್ಲೆಂಡಿನಲ್ಲಿ. 1911ರಲ್ಲಿ ಥುನ್ ಅನ್ನುವ ಊರಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸನ್ನ ಒಂದು ಉಪ್ಪಿನ ಜತೆ ಕಾಯಿಸಿ ಕರಗಿಸಿ, ಹಾಳಾಗದೆ ತುಂಬ ದಿನ ಉಳಿಯುವ ಹಾಗೆ ಮಾಡಿದರು. ಅದೇ ಪ್ರೊಸೆಸ್ಡ್ ಚೀಸು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ಪೇಟೆಂಟ್ ತಗೊಂಡ. ಆ ಹೆಸರಿನ ನೀಲಿ ಡಬ್ಬ ಮಂಗಳೂರಿನ ಎಷ್ಟೋ ಮನೆಗೆ ಬಂದದ್ದು ಗಲ್ಫ್‌ನಿಂದ. ಮಾವನ ಪೆಟ್ಟಿಗೆ ಬಿಚ್ಚುವಾಗ ಟ್ಯಾಂಗ್, ನಿಡೋ, ಸೆಂಟ್ ಬಾಟ್ಲಿಗಳ ಎಡೆಯಲ್ಲಿ ಆ ಡಬ್ಬ. ಬಾಲ್ಯದಲ್ಲಿ ನಮಗೆ ಚೀಸ್ ಅಂದ್ರೆ ಪಿಜ್ಜಾ ಅಲ್ಲ, ಆ ಡಬ್ಬ ತೆರೆಯುವ ಸದ್ದು. ಅಮ್ಮ ಅದನ್ನ ಬ್ಲೇಡಿನಷ್ಟು ತೆಳುವಾಗಿ ಕೊಯ್ದು ಒಬ್ಬೊಬ್ಬರಿಗೆ ಒಂದೊಂದು ಕೊಡ್ತಾ ಇದ್ದರು. ಚೀಸನ್ನ ತರಕಾರಿ ಮೇಲೆ ಸುರಿಯುವುದು ಅವರಿಗೆ ಯಾಕೆ ದುಂದು ಅನಿಸ್ತು ಅಂತ ಈಗ ಗೊತ್ತಾಗ್ತದೆ.

ಎರಡನೇ ಸಲ ನಾವು ಇಬ್ಬರೂ ಸೇರಿ ಮಾಡಿದೆವು. ಝುಕಿನಿ ಅಲ್ಲ. ಅಮ್ಮ ಕಂಕನಾಡಿ ಮಾರ್ಕೆಟಿನಿಂದ ಎಳೆ ಚೀನಿಕಾಯಿ ತಂದಿದ್ದರು, ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಹಸಿರು, ಉಗುರು ಇಳಿಯುವಂಥದ್ದು. ಇದನ್ನ ಪಲ್ಯ ಮಾಡುವುದು ನಮಗೆ ಮಾಮೂಲು. ಕೊರಿಯಾದವರೂ ಇದೇ ಜಾತಿಯನ್ನ ಎಳೆಯದಾಗಿ ಕೊಯ್ದು ತಿನ್ನುತ್ತಾರೆ, ಏಹೊಬಾಕ್ ಅಂತ ಹೆಸರು. ಕೆ-ಡ್ರಾಮಾ ನೋಡುವವರು ಅಡುಗೆಮನೆ ಸೀನ್‌ಗಳಲ್ಲಿ ಗಮನಿಸಿ. ಅಂದ್ರೆ ಸಮ್ಮರ್ ಸ್ಕ್ವಾಶ್ ನಮ್ಮ ಮನೆಗೆ ಮೊದಲೇ ಬಂದಾಗಿತ್ತು, ನಾವು ಆ ಹೆಸರಿನಿಂದ ಕರೆದಿರಲಿಲ್ಲ.

ಮಾಡುವ ಕ್ರಮ ಹೇಳ್ತೇನೆ. ಅರ್ಧ ಕಿಲೋ ಎಳೆ ಚೀನಿಕಾಯಿ, ಅಥವಾ ಝುಕಿನಿ. ಮೊದಲು ಒಂದು ಚೂರು ಬಾಯಿಗೆ. ಕಹಿ ಇಲ್ಲ ಅಂತಾದರೆ ಸಿಪ್ಪೆ ಸಮೇತ ಕಾಲು ಇಂಚಿನ ಬಿಲ್ಲೆ ಮಾಡಿ. ಒಂದು ಚಮಚ ಉಪ್ಪು ಸವರಿ, ತೂತಿನ ಬುಟ್ಟಿಯಲ್ಲಿ ಅರ್ಧ ಗಂಟೆ ಬಿಡಿ. ಝುಕಿನಿಯಲ್ಲಿ ನೂರಕ್ಕೆ ತೊಂಬತ್ತೈದು ಭಾಗ ನೀರೇ. ಉಪ್ಪು ಅದನ್ನ ಹೊರಗೆ ಎಳೆಯುತ್ತದೆ, ನಮ್ಮ ಪಂಪ್ ಅದುವೇ. ನಾನು ರೀಲ್ಸ್ ನಂಬಿ ಬಿಟ್ಟದ್ದು ಈ ಅರ್ಧ ಗಂಟೆಯನ್ನ. ಅಮ್ಮ ಸೌತೆ ಪಚ್ಚಡಿಗೆ ಯಾವಾಗಲೂ ಮಾಡುವುದು ಇದನ್ನೇ, ಆ ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಕೇಳಿದ್ಯಾ?" ಅಂದರು.

ಬಿಲ್ಲೆಗಳನ್ನ ಬಟ್ಟೆಯಲ್ಲಿ ಒತ್ತಿ ಒರೆಸಿ. ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬಾಡಿಸಿ. ಬೆಣ್ಣೆ ಸವರಿದ ಅಗಲ ತಟ್ಟೆಯಲ್ಲಿ ಬಿಲ್ಲೆಗಳನ್ನ ಒಂದರ ಮೇಲೊಂದು ಅರ್ಧ ಬರುವ ಹಾಗೆ ಜೋಡಿಸಿ, ಮೇಲೆ ಈರುಳ್ಳಿ, ಜಜ್ಜಿದ ಕಾಳುಮೆಣಸು. ಮತ್ತೆ ಉಪ್ಪು ಬೇಡ. ನೂರು ಗ್ರಾಂ ಚೀಸು ತುರಿದು ಹಾಕಿ. ಪ್ರೊಸೆಸ್ಡ್ ಆದರೂ ಆಗ್ತದೆ, ಆದರೆ ಅದು ಮೊಝರೆಲ್ಲಾದ ಹಾಗೆ ನೂಲು ಎಳೆಯುವುದಿಲ್ಲ. ಅದರ ಮೇಲೆ ಒಂದು ಹಿಡಿ ರಸ್ಕಿನ ಪುಡಿ, ಗರಿಗರಿಗೆ. 200 ಡಿಗ್ರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಮೇಲಿನ ರಾಡ್ ಕೂಡ ಉರಿಯುತ್ತಾ ಇರಬೇಕು, ಅದೇ ಮುಚ್ಚಳದ ಕೆಂಡ. ತೆಗೆದು ಹತ್ತು ನಿಮಿಷ ಬಿಟ್ಟು ಬಡಿಸಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಇಟ್ಟು, ಮುಚ್ಚಳದ ಮೇಲೆ ಗೆರಟೆ ಕೆಂಡ ಹಾಕಿ ನೋಡಿ. ಅಂಗಳದಲ್ಲಿ, ಗಾಳಿ ಇರುವಲ್ಲಿ. ಫ್ಲ್ಯಾಟಿನೊಳಗೆ ಕೆಂಡದ ಸಾಹಸ ಬೇಡ.

ಈ ಸಲ ತಟ್ಟೆಯಲ್ಲಿ ಕೆರೆ ಇರಲಿಲ್ಲ. ಅಮ್ಮ ಕುಚ್ಚಲಕ್ಕಿ ಅನ್ನದ ಬದಿಗೆ ಒಂದು ತುಂಡು ಹಾಕಿಕೊಂಡರು, ಸ್ವಲ್ಪ ಹೊತ್ತಿಗೆ ಇನ್ನೊಂದು. "ಒಳ್ಳೆದುಂಟು. ಸಪ್ಪೆ ಸಪ್ಪೆ, ಎರಡು ಹಸಿಮೆಣಸು ಬೇಕಿತ್ತು."

ಮುಂದಿನ ವಾರ ಮೆಣಸಿನಕಾಯಿಯ ಕತೆ. ಬಸ್ ಬಂತಾ? ಹತ್ತಿ ಹತ್ತಿ.